ಮೊಣಕೈಗೆ ಇನಿಂಗ್ಸ್ ಲೆಕ್ಕ ಗೊತ್ತಿಲ್ಲ

2012ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಬೇಸ್‌ಬಾಲ್ ತಂಡ ತನ್ನ ಅತಿ ವೇಗದ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರ) ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರನ್ನು ಆ ವರ್ಷಕ್ಕೆ ಸಾಕು ಎಂದು ಕೂರಿಸಿಬಿಟ್ಟಿತು. ಹೊಸ ಗಾಯವೇನೂ ಆಗಿರಲಿಲ್ಲ. 2010ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಆಗಿತ್ತು, ಈಗ 159 ಇನಿಂಗ್ಸ್ (ಎದುರಾಳಿಯ ಮೂವರು ಔಟಾದರೆ ಒಂದು ಇನಿಂಗ್ಸ್) ಆಯಿತು, ಇನ್ನು ಬೇಡ ಎಂಬುದು ಆಡಳಿತದ ಲೆಕ್ಕಾಚಾರ. ಅವರಿಲ್ಲದೆ ಪ್ಲೇಆಫ್ ಆಡಿದ ತಂಡ ನಿರ್ಣಾಯಕ ಪಂದ್ಯದಲ್ಲಿ 6–0 ಮುನ್ನಡೆಯನ್ನು ಕೈಚೆಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ 9–7ರಿಂದ ಸೋತಿತು. ಅಭಿಮಾನಿಗಳು ಉರಿದುಬಿದ್ದರು. 2003ರ ಶಿಕಾಗೊ ಕಬ್ಸ್ ಇದಕ್ಕೆ ತದ್ವಿರುದ್ಧ: ಎಳೆಯ ಪಿಚರ್ ಮಾರ್ಕ್ ಪ್ರಯರ್ ಅವರಿಂದ 211 ಇನಿಂಗ್ಸ್ ಎಸೆಸಿತು. ಆಮೇಲೆ ಒಂದರ ಹಿಂದೊಂದು ಗಾಯ. 2006ರ ನಂತರ ಅವರು ಅಮೆರಿಕದ ಉನ್ನತ ಬೇಸ್‌ಬಾಲ್ ಮಟ್ಟವಾದ ಮೇಜರ್ ಲೀಗ್‌ನಲ್ಲಿ ಒಂದು ಎಸೆತವನ್ನೂ ಎಸೆಯಲಿಲ್ಲ. ಅಲ್ಲಿನ ಅಭಿಮಾನಿಗಳ ಸಿಟ್ಟು ಆಟಗಾರನನ್ನು ಕೂರಿಸಲಿಲ್ಲವಲ್ಲ ಎಂದು.

ಎರಡೂ ಸಿಟ್ಟು ನ್ಯಾಯವಾದದ್ದೇ. ಆದರೆ ಎರಡೂ ಕಡೆ ಜಗಳ ನಡೆದದ್ದು ತಪ್ಪು ಅಳತೆಗೋಲಿನ ಮೇಲೆ. ಹನ್ನೆರಡು ಎಸೆತಕ್ಕೆ ಮುಗಿಯುವ ಇನಿಂಗ್ಸೂ ಒಂದು, ಮೂವತ್ತೈದು ಎಸೆತ ಎಳೆದಾಡುವ ಇನಿಂಗ್ಸೂ ಒಂದು. ಮೊಣಕೈಗೆ ಇವೆರಡೂ ಒಂದೇ ಅಲ್ಲ.

ಮೊಣಕೈಯ ಒಳಬದಿಯ ಉಬ್ಬು ಮೂಳೆಯನ್ನು ಮುಟ್ಟಿ ನೋಡಿ. ಅದರ ಹಿಂದೆ ಏಟು ಬಿದ್ದರೆ ಕರೆಂಟ್ ಹೊಡೆದಂತಾಗುವ ನರವಿದೆ. ಅದೇ ಉಬ್ಬಿನಿಂದ ಹೊರಟು ಮುಂಗೈ ಮೂಳೆಗೆ ಅಂಟಿಕೊಳ್ಳುವ ಪುಟ್ಟ ಪಟ್ಟಿಯೇ ಅಲ್ನರ್ ಕೊಲ್ಯಾಟರಲ್ ಲಿಗಮೆಂಟ್. ಪಿಚರ್ ಎಸೆಯುವಾಗ ಭುಜ ಮುಂದಕ್ಕೆ ತಿರುಗಿಬಿಡುತ್ತದೆ, ಮುಂಗೈ ಮತ್ತು ಚೆಂಡು ಹಿಂದೆಯೇ ಉಳಿದಿರುತ್ತವೆ. ಆ ಕ್ಷಣದಲ್ಲಿ ಮೊಣಕೈಯ ಒಳಬದಿ ಬಾಯಿ ಬಿಡಲು ನೋಡುತ್ತದೆ. ಬಾಗಿಲಿನ ಕೀಲು ಇರುವುದು ತೆರೆಯಲು, ಮುಚ್ಚಲು. ಯಾರೋ ಬಾಗಿಲನ್ನೇ ಹಿಡಿದು ಪಕ್ಕಕ್ಕೆ ಜಗ್ಗಿದರೆ ಕೀಲಿನ ಮೊಳೆಗೆ ಏನಾಗುತ್ತದೋ ಈ ಲಿಗಮೆಂಟ್‌ಗೂ ಅದೇ ಆಗುತ್ತದೆ.

ಆ ಜಗ್ಗಾಟದ ಬಲ ಸುಮಾರು 64 ನ್ಯೂಟನ್ ಮೀಟರ್. ತೋಳನ್ನು ಮೊಣಕೈವರೆಗೆ ಬಿಗಿಯಾಗಿ ಕಟ್ಟಿಹಾಕಿ, ಅಂಗೈಗೆ 20 ಲೀಟರಿನ ತುಂಬಿದ ನೀರಿನ ಕ್ಯಾನ್ ನೇತುಹಾಕಿ ಮುಂಗೈಯನ್ನು ಪಕ್ಕಕ್ಕೆ ಬಗ್ಗಿಸಿದಂತೆ. ಅದೂ ಒಂದೊಂದು ಎಸೆತಕ್ಕೂ. ಶವಗಳ ಮೊಣಕೈ ಮೇಲೆ ಪ್ರಯೋಗ ನಡೆಸಿದಾಗ ಈ ಲಿಗಮೆಂಟ್ ಒಂದೇ ಇದರ ಸುಮಾರು ಅರ್ಧದಷ್ಟು ಬಲಕ್ಕೆ ಹರಿದಿದೆ. ಹಾಗಾದರೆ ಮೊದಲನೇ ಎಸೆತಕ್ಕೇ ಏಕೆ ಹರಿಯುವುದಿಲ್ಲ?

ಇಡೀ ವಿಷಯದ ಜೀವಾಳ ಈ ಪ್ರಶ್ನೆಯಲ್ಲಿದೆ. ಬೆರಳು, ಮಣಿಕಟ್ಟುಗಳನ್ನು ಮಡಚುವ ಸ್ನಾಯುಗಳು ಅದೇ ಉಬ್ಬು ಮೂಳೆಗೆ ಕಟ್ಟಿಕೊಂಡಿವೆ. ಎಸೆಯುವಾಗ ಅವು ಬಿಗಿದು ಹೊರೆಯಲ್ಲಿ ಪಾಲು ಹೊರುತ್ತವೆ. ತೇರು ಎಳೆಯುವವರನ್ನು ನೆನೆಸಿಕೊಳ್ಳಿ. ನೂರು ಮಂದಿ ಹಿಡಿದಾಗ ಯಾರ ಅಂಗೈಯೂ ಕಿತ್ತುಹೋಗುವುದಿಲ್ಲ. ಅರ್ಧ ಮಂದಿ ದಣಿದು ಕೈಬಿಟ್ಟರೂ ತೇರಿನ ಭಾರ ಅಷ್ಟೇ ಇರುತ್ತದೆ, ಉಳಿದವರು ಅದನ್ನು ಹೊರಬೇಕು. ಸ್ನಾಯು ದಣಿಯುತ್ತದೆ, ಲಿಗಮೆಂಟ್ ರಜೆ ಕೇಳುವಂತಿಲ್ಲ. ಬಾವಿ ಹಗ್ಗದಂತೆ ಎಳೆ ಎಳೆಯಾಗಿ ಸವೆಯುತ್ತದೆ. ವಿರಾಮ ಸಿಕ್ಕರೆ ದೇಹ ಕೆಲವು ಎಳೆಗಳನ್ನು ಮತ್ತೆ ಹೆಣೆಯುತ್ತದೆ, ಸಿಗದಿದ್ದರೆ ಸವೆತ ಕೂಡುತ್ತಾ ಹೋಗುತ್ತದೆ. ಟಿವಿಯಲ್ಲಿ ಪಿಚರ್ ಮುಖ ಕಿವುಚಿ ಮೊಣಕೈ ಹಿಡಿದುಕೊಂಡ ಆ ಒಂದು ಎಸೆತ ಕೊನೆಯ ಎಳೆಯದು ಮಾತ್ರ. ಅದಕ್ಕಾಗಿ ಆ ರಾತ್ರಿಯ ಮ್ಯಾನೇಜರನ್ನು ಬೈದು ಫಲವಿಲ್ಲ.

ಇಲ್ಲೊಂದು ಹೋಲಿಕೆ ಹೇಳದಿದ್ದರೆ ನಮ್ಮ ಓದುಗರಿಗೆ ಸಮಾಧಾನವಾಗದು. ಕ್ರಿಕೆಟ್ ಬೌಲರ್ ಮೊಣಕೈಯನ್ನು ಚಾಟಿಯಂತೆ ಬೀಸುವಂತಿಲ್ಲ. ಎಸೆತದಲ್ಲಿ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ನಿಯಮಬಾಹಿರ. ಹಾಗಾಗಿ ಹೊರೆ ಬೇರೆ ಕಡೆ ಬೀಳುತ್ತದೆ. 1997ರಲ್ಲಿ ಜಾವಗಲ್ ಶ್ರೀನಾಥ್ ಅವರಿಗೆ ಭುಜದ ಶಸ್ತ್ರಚಿಕಿತ್ಸೆ ಆಯಿತು, ಪ್ರಸಿದ್ಧ್ ಕೃಷ್ಣ ಅವರಿಗೆ ಕೆಳಬೆನ್ನಿನ ಮೂಳೆ ಬಿರುಕು ಬಿಟ್ಟಿತು.

1974ರವರೆಗೆ ಈ ಲಿಗಮೆಂಟ್ ಹರಿಯಿತೆಂದರೆ ಪಿಚರ್‌ನ ಬದುಕು ಮುಗಿದಂತೆಯೇ. ಆ ವರ್ಷ ಜುಲೈನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಟಾಮಿ ಜಾನ್ ಅವರ ಎಡ ಮೊಣಕೈ ಹರಿಯಿತು. ಸೆಪ್ಟೆಂಬರ್ 25ರಂದು ಡಾ. ಫ್ರಾಂಕ್ ಜೋಬ್ ಅವರು ಜಾನ್ ಅವರದೇ ಬಲ ಮುಂಗೈಯಿಂದ ಒಂದು ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ತೆಗೆದು, ಎರಡೂ ಮೂಳೆಗಳಲ್ಲಿ ತೂತು ಕೊರೆದು, ಇಂಗ್ಲಿಷಿನ 8ರ ಆಕಾರದಲ್ಲಿ ಪೋಣಿಸಿದರು. ಆಟಕ್ಕೆ ಮರಳುವ ಸಾಧ್ಯತೆ ನೂರಕ್ಕೆ ಒಂದು ಎಂದು ಜೋಬ್ ಅಂದಾಜಿಸಿದ್ದರು. ಜಾನ್ 1976ರಲ್ಲಿ ಮರಳಿದರು. ಒಟ್ಟು 288 ಗೆಲುವುಗಳಲ್ಲಿ 164 ಬಂದದ್ದು ಆಮೇಲೆ. (ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ ಮಣಿಕಟ್ಟು ಮಡಚಿದರೆ ನಡುವೆ ಎದ್ದು ಕಾಣುವ ದಾರವೇ ಆ ಟೆಂಡನ್. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಅಂಥವರಿಗೆ ತೊಡೆಯಿಂದ ತೆಗೆಯುತ್ತಾರೆ.)

ಈ ಯಶಸ್ಸಿನಿಂದಲೇ ಒಂದು ಕೆಟ್ಟ ನಂಬಿಕೆ ಹುಟ್ಟಿಕೊಂಡಿದೆ: ಆಪರೇಷನ್ ಮಾಡಿಸಿದರೆ ಕೈ ಮೊದಲಿಗಿಂತ ಗಟ್ಟಿಯಾಗುತ್ತದೆ, ವೇಗ ಹೆಚ್ಚುತ್ತದೆ. ಕೇಳಿದರೆ ಮೈ ಉರಿಯುತ್ತದೆ. ನೆಟ್ಟ ಟೆಂಡನ್ ಮೊದಮೊದಲು ರಕ್ತ ಹರಿಯದ ಬರೀ ದಾರ. ಅದರೊಳಗೆ ದೇಹದ ಜೀವಕೋಶಗಳು ನುಗ್ಗಿ, ನೆಲೆಸಿ, ಅದನ್ನು ಲಿಗಮೆಂಟ್ ಆಗಿ ಮಾರ್ಪಡಿಸಬೇಕು. ಪಿಚರ್ ಪಂದ್ಯಕ್ಕೆ ಮರಳಲು 12ರಿಂದ 18 ತಿಂಗಳು ಬೇಕಾಗುವುದು ಇದಕ್ಕೇ. ಯಾರಿಗಾದರೂ ವೇಗ ಹೆಚ್ಚಿದ್ದರೆ ಆ ತಿಂಗಳುಗಳಲ್ಲಿ ಕಾಲು, ಸೊಂಟ, ಭುಜಗಳಿಗೆ ಮಾಡಿಸಿದ ವ್ಯಾಯಾಮಕ್ಕೆ ಸಲ್ಲಬೇಕಾದ ಕೀರ್ತಿ ಅದು. ಪಿಚರ್ ಜೇಕಬ್ ಡಿಗ್ರಾಮ್ ಅವರಿಗೆ 2010ರಲ್ಲಿ ಒಮ್ಮೆ ಈ ಆಪರೇಷನ್ ಆಗಿತ್ತು. ಟೆಕ್ಸಸ್ ರೇಂಜರ್ಸ್ ಐದು ವರ್ಷಕ್ಕೆ 18.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ಕರೆತಂದ ಮೇಲೆ, 2023ರಲ್ಲಿ ಆರೇ ಪಂದ್ಯಕ್ಕೆ ಮತ್ತೆ ಹರಿಯಿತು.

ಆಡಳಿತಗಳ ಮೇಲೆ ನಿಜವಾಗಿ ಹೊರಿಸಬೇಕಾದ ಆರೋಪ ವೇಗದ್ದು. 2008ರಲ್ಲಿ ಮೇಜರ್ ಲೀಗ್‌ನ ಸರಾಸರಿ ಫಾಸ್ಟ್‌ಬಾಲ್ ಗಂಟೆಗೆ ಸುಮಾರು 147 ಕಿ.ಮೀ. ಇತ್ತು, 2024ಕ್ಕೆ 151 ದಾಟಿತು. ಐದು ಇನಿಂಗ್ಸ್ ಸಾಕು, ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕು, ನಿನ್ನ ಹಿಂದೆ ಇನ್ನೊಂದು ತಾಜಾ ಕೈ ಕಾಯುತ್ತಿದೆ ಎನ್ನುವುದು ಈಗಿನ ಲೆಕ್ಕ. ಹಿಂದಿನವರು ಕಡಿಮೆ ಬಲದಲ್ಲಿ ಎಸೆದು, ಸಂಕಟದ ಹೊತ್ತಿಗೆ ಮಾತ್ರ ಪೂರ್ತಿ ಬಲ ಬಳಸುತ್ತಿದ್ದರು. ಎಸೆತಗಳನ್ನು ಎಣಿಸಿದ ತಂಡಗಳು ಒಂದೊಂದು ಎಸೆತದ ಬೆಲೆ ಏರಿದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎಸೆತಗಳ ನಡುವಿನ ಸಮಯಕ್ಕೆ ಮಿತಿ ಹಾಕಿದ 2023ರ ಪಿಚ್ ಕ್ಲಾಕ್ ಅನ್ನು ದೂರುವವರಿದ್ದಾರೆ. ವಿರಾಮ ಕಡಿತವಾದರೆ ಸ್ನಾಯು ಬೇಗ ದಣಿಯಬಹುದು, ಆ ಶಂಕೆ ತಳ್ಳಿಹಾಕುವಂಥದ್ದಲ್ಲ. ಆದರೆ ಗಾಯಗಳ ಏರಿಕೆ ಆ ಗಡಿಯಾರಕ್ಕಿಂತ ಬಹಳ ಹಿಂದೆಯೇ ಶುರುವಾಗಿತ್ತು.

ಸವೆತ ಶುರುವಾಗುವುದು ಶಾಲಾ ವಯಸ್ಸಿನಲ್ಲಿ. ಕೈ ದಣಿದಿದ್ದರೂ ಎಸೆಯುತ್ತಲೇ ಇದ್ದ ಹುಡುಗರಿಗೆ ಶಸ್ತ್ರಚಿಕಿತ್ಸೆಯ ಸಂಭವ 36 ಪಟ್ಟು ಎಂದು 2006ರ ಅಮೆರಿಕನ್ ಅಧ್ಯಯನ ತೋರಿಸಿತು. ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಎಸೆದವರಿಗೆ ಐದು ಪಟ್ಟು. ಅಲ್ಲಿನ ಪಿಚ್ ಸ್ಮಾರ್ಟ್ ಮಾರ್ಗಸೂಚಿಯಂತೆ 11–12ರ ವಯಸ್ಸಿಗೆ ದಿನಕ್ಕೆ 85 ಎಸೆತ ಮಿತಿ, 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಪಿಚ್ ಮಾಡಿದ ಹುಡುಗ ಅದೇ ಪಂದ್ಯದಲ್ಲಿ ಕ್ಯಾಚರ್ (ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವವ) ಆಗಬಾರದು, ಏಕೆಂದರೆ ಕ್ಯಾಚರ್ ಕೂಡ ಸತತವಾಗಿ ಎಸೆಯುತ್ತಿರುತ್ತಾನೆ. ನಿಯಮ ಸೋರುವುದು ಒಂದೇ ಕಡೆ: ಶಾಲಾ ತಂಡ ತನ್ನ ಎಸೆತ ಎಣಿಸುತ್ತದೆ, ವಾರಾಂತ್ಯದ ಕ್ಲಬ್ ತನ್ನದನ್ನು ಎಣಿಸುತ್ತದೆ, ಎರಡನ್ನೂ ಕೂಡಿಸುವವರಿಲ್ಲ. ಆ ನೋಟ್‌ಬುಕ್ ಮನೆಯವರ ಕೈಯಲ್ಲಿರಬೇಕು. ಚೆಂಡು ಮೇಲೆ ಮೇಲೆ ಹೋಗತೊಡಗಿದರೆ, ಮೊಣಕೈ ಭುಜಕ್ಕಿಂತ ಕೆಳಗಿಳಿದರೆ, ಎಸೆತಗಳ ನಡುವೆ ಹುಡುಗ ಕೈ ಕೊಡವಿಕೊಳ್ಳುತ್ತಿದ್ದರೆ, ಎಣಿಕೆ ನಲವತ್ತೇ ಆಗಿದ್ದರೂ ಅವನನ್ನು ಹೊರಗೆ ಕರೆಯಬೇಕು.