ಸೈಕ್ಸ್ ಮನೆತನಕ್ಕೆ ಮೂಲಪುರುಷ ಒಬ್ಬನೇ?

ಇಂಗ್ಲೆಂಡಿನ ಪಶ್ಚಿಮ ಯಾರ್ಕ್‌ಶೈರಿನಲ್ಲಿ, ಅದರಲ್ಲೂ ಹಡರ್ಸ್‌ಫೀಲ್ಡ್ ಸುತ್ತಮುತ್ತ, ಸೈಕ್ಸ್ ಎಂಬ ಅಡ್ಡಹೆಸರಿನವರು ಬಹಳ. ಆ ಸೀಮೆಯಲ್ಲಿ 'ಸೈಕ್' ಎಂದರೆ ಜವುಗು ನೆಲದ ಸಣ್ಣ ತೊರೆ. ಬೇಸಿಗೆಯಲ್ಲಿ ಬತ್ತುವಂಥದ್ದು, ಎಷ್ಟೋ ಕಡೆ ಹೊಲಗಳ ನಡುವಿನ ಗಡಿಯೂ ಅದೇ. ಉತ್ತರ ಕರ್ನಾಟಕದ 'ಹಳ್ಳದ' ಎಂಬ ಅಡ್ಡಹೆಸರಿನ ಜಾಯಮಾನವೇ ಇದರದ್ದು: ಹಳ್ಳದ ದಂಡೆಯ ಮನೆಯವರು. ಹಳ್ಳ ಊರೂರಿಗೂ ಇರುವುದರಿಂದ ಹಳ್ಳದ ಅವರೆಲ್ಲ ಒಂದೇ ಬಳ್ಳಿಯವರೆಂದು ಯಾರೂ ಹೇಳುವುದಿಲ್ಲ. ಸೈಕ್ಸ್ ಬಗ್ಗೆಯೂ ಅಡ್ಡಹೆಸರುಗಳ ಇತಿಹಾಸಕಾರರ ಅಂದಾಜು ಇದೇ ಆಗಿತ್ತು: ಬೇರೆ ಬೇರೆ ಕಡೆ, ಬೇರೆ ಬೇರೆ ಮನೆಗಳಿಗೆ ಅಂಟಿಕೊಂಡ ಹೆಸರು.

ಅಡ್ಡಹೆಸರು ತಂದೆಯಿಂದ ಮಗನಿಗೆ ದಾಟುವ ಪದ್ಧತಿ ಇಂಗ್ಲೆಂಡಿನಲ್ಲಿ, ಫ್ರಾನ್ಸಿನಿಂದ ಬಂದು ಆ ದೇಶವನ್ನು ಗೆದ್ದ ನಾರ್ಮನ್ನರ ಕಾಲದ ನಂತರ ಬೇರೂರಿತು. 1086ರ ಡೂಮ್ಸ್‌ಡೇ ಎಂಬ ಭೂಸಮೀಕ್ಷೆಯ ದಾಖಲೆಯಲ್ಲಿ ಭೂಮಾಲೀಕರಿಗೂ ಸ್ಥಿರವಾದ ಅಡ್ಡಹೆಸರು ಅಪರೂಪ. ಜನಸಾಮಾನ್ಯರಲ್ಲಿ ಅದು ನೆಲೆಗೊಂಡದ್ದು ಸುಮಾರು 1400ರ ಹೊತ್ತಿಗೆ. ಯಾರ್ಕ್‌ಶೈರಿನ ಮಟ್ಟಿಗೆ ಎರಡು ದಾಖಲೆಗಳು ಬಹಳ ಮುಖ್ಯ: 1274ರಿಂದ ಉಳಿದುಬಂದಿರುವ ವೇಕ್‌ಫೀಲ್ಡ್ ಜಹಗೀರಿನ ನ್ಯಾಯಸಭೆಯ ಸುರುಳಿಗಳು ಮತ್ತು 1379ರ ತಲೆಗಂದಾಯದ ಪಟ್ಟಿ. ಇಂಥ ಕಡತಗಳಲ್ಲಿ ಮೊದಲು 'ಡೆಲ್ ಸೈಕ್' ಎಂಬ ರೂಪ ಬರುತ್ತದೆ, 'ತೊರೆಯ ಕಡೆಯವನು' ಎಂದರ್ಥ. ಕ್ರಮೇಣ 'ಡೆಲ್' ಉದುರಿ, ಕೊನೆಗೆ 'ಸ್' ಸೇರಿತು. (ದಖ್ಖನ್ನಿನ ಒಣನೆಲದ ಜುಟ್ಟಿನ ಪುಟ್ಟ ಹಕ್ಕಿ 'ಸೈಕ್ಸಸ್ ಲಾರ್ಕ್'ಗೆ ಹೆಸರು ಬಂದದ್ದು, ಅದನ್ನು 1832ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ಅವರಿಂದ. ಅವರು ಹುಟ್ಟಿದ್ದೂ ಯಾರ್ಕ್‌ಶೈರಿನಲ್ಲೇ.)

ಸ್ವತಃ ಈ ಅಡ್ಡಹೆಸರಿನವರೇ ಆದ ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯನ್ ಸೈಕ್ಸ್, ಕ್ಯಾಥರೀನ್ ಇರ್ವೆನ್ ಜೊತೆಗೂಡಿ 2000ದಲ್ಲಿ ಇದನ್ನು ಡಿಎನ್‌ಎಯಿಂದ ಪರೀಕ್ಷಿಸಿದರು. ಅಡ್ಡಹೆಸರಿನ ಹಾಗೆ ವೈ ಕ್ರೋಮೋಸೋಮ್ ಕೂಡ ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ. ಅದರಲ್ಲಿ ಸುಮಾರು 6.2 ಕೋಟಿ ಡಿಎನ್‌ಎ ಅಕ್ಷರಗಳಿವೆ (ಎ, ಸಿ, ಜಿ, ಟಿ ಎಂಬ ನಾಲ್ಕೇ ಬಗೆ), ಬಹುಭಾಗ ತಾಯಿಯ ಕಡೆಯ ಡಿಎನ್‌ಎ ಜೊತೆ ಬೆರೆಯುವುದೇ ಇಲ್ಲ. ಕೆಲವು ಜಾಗಗಳಲ್ಲಿ 'ಜಿಎಟಿಎ'ಯಂಥ ನಾಲ್ಕಕ್ಷರದ ತುಣುಕು ಸಾಲಾಗಿ 10 ಸಲವೋ 11 ಸಲವೋ ಮರುಕಳಿಸುತ್ತದೆ. ಇಂಥ ಜಾಗವೇ ಗುರುತುತಾಣ, ಅಲ್ಲಿನ ಎಣಿಕೆಯನ್ನು ಪ್ರಯೋಗಾಲಯ ಅಳೆಯುತ್ತದೆ. ಹಲವು ತಾಣಗಳ ಎಣಿಕೆ ಸೇರಿದರೆ ಆ ವಂಶದ ಸಂಖ್ಯಾಗುರುತು ಸಿಕ್ಕಂತೆ.

ಅವರು 48 ಸೈಕ್ಸ್ ಗಂಡಸರಲ್ಲಿ ನಾಲ್ಕು ತಾಣಗಳನ್ನು ನೋಡಿದರು. 21 ಮಂದಿಯಲ್ಲಿ, ಅಂದರೆ ಶೇ. 43.8 ಜನರಲ್ಲಿ, ನಾಲ್ಕೂ ಎಣಿಕೆ ಒಂದೇ. ಹೋಲಿಕೆಗೆಂದು ನೋಡಿದ, ಅದೇ ಸೀಮೆಯ ಬೇರೆ ಅಡ್ಡಹೆಸರಿನವರಲ್ಲಿ ಆ ಗುರುತು ಒಬ್ಬರಲ್ಲೂ ಇರಲಿಲ್ಲ. ಹೀಗಾಗಿ, ಇಂದಿನ ಸೈಕ್ಸರಿಗೆ ಮೂಲಪುರುಷ ಒಬ್ಬನೇ ಎಂದು ಅವರು ತೀರ್ಮಾನಿಸಿದರು. ಉಳಿದರ್ಧದ ಕಥೆ? ದತ್ತು, ಮದುವೆಯಾಗದ ತಾಯಿಯ ಅಡ್ಡಹೆಸರು ಮಗನಿಗೆ ಬಂದದ್ದು, ಆಸ್ತಿಗಾಗಿ ಹೆಸರು ಬದಲಿಸಿದ್ದು, ಹುಟ್ಟಿಸಿದ ತಂದೆ ಬೇರೆ ಇದ್ದದ್ದು. ಇವೆಲ್ಲ ಸೇರಿ ತಲೆಮಾರಿಗೆ ಸರಾಸರಿ ಶೇ. 1.3ರಷ್ಟು ಕೊಂಡಿ ಕಳಚಿರಬೇಕು ಎಂಬುದು ಅವರ ಲೆಕ್ಕ. ಇದು ದೊಡ್ಡ ಸಂಖ್ಯೆಯೇನಲ್ಲ. ಆದರೆ ತಲೆಮಾರಿಗೆ ನೂರರಲ್ಲಿ ಒಂದೇ ಕೊಂಡಿ ತಪ್ಪಿದರೂ 700 ವರ್ಷಗಳ 23 ತಲೆಮಾರು ಕಳೆಯುವಾಗ ಐದರಲ್ಲೊಂದು ವಂಶ ಹೊರಗಾಗಿರುತ್ತದೆ.

ಫಲಿತಾಂಶ ಗಟ್ಟಿಯಾದದ್ದೇ. ಆದರೆ 'ಮೂಲಪುರುಷ ಒಬ್ಬನೇ' ಎಂಬ ಮಾತನ್ನು ಅಷ್ಟು ಸಲೀಸಾಗಿ ಒಪ್ಪಲಾಗದು. ಜನಸಂಖ್ಯೆ ಬೆಳೆಯದ ಒಂದು ಊರಿನಲ್ಲಿ, ವಂಶ ಮುಂದುವರಿಸುವ ಗಂಡುಮಕ್ಕಳು ತಂದೆಗೆ ಸರಾಸರಿ ಒಬ್ಬ ಎಂದಿಟ್ಟುಕೊಳ್ಳಿ. ಕೆಲವರಿಗೆ ಮೂವರು, ಕೆಲವರಿಗೆ ಒಬ್ಬನೂ ಇಲ್ಲ. ಯಾದೃಚ್ಛಿಕ ಹಂಚಿಕೆಯ ಗಣಿತದಂತೆ ಮೊದಲ ತಲೆಮಾರಿನಲ್ಲೇ ನೂರರಲ್ಲಿ ಸುಮಾರು 37 ಗಂಡುವಂಶಗಳು ನಿಂತುಹೋಗುತ್ತವೆ. 23ನೇ ತಲೆಮಾರಿಗೆ ಉಳಿಯುವುದು ಏಳೆಂಟು ಮಾತ್ರ, ಅವುಗಳಲ್ಲೂ ಒಂದೆರಡು ಹಬ್ಬಿಕೊಂಡಿರುತ್ತವೆ. ಆದ್ದರಿಂದ 1300ರ ಸುಮಾರಿಗೆ ಬೇರೆ ಬೇರೆ ತೊರೆಗಳ ದಂಡೆಯಲ್ಲಿ ಐದಾರು ಸೈಕ್ಸ್ ಮನೆಗಳಿದ್ದು, ಒಂದರ ಸಂತಾನ ಮಾತ್ರ ಬೆಳೆದಿದ್ದರೂ ಇಂದು ಕಾಣುವುದು ಇದೇ ಚಿತ್ರ. ಡಿಎನ್‌ಎ ತೋರಿಸುವುದು ಉಳಿದವರ ಮೂಲವನ್ನು. ಮೊದಲು ಎಷ್ಟು ಮನೆಗಳಿದ್ದವು ಎಂಬುದಕ್ಕೆ ಕಡತಗಳನ್ನೇ ನೋಡಬೇಕು.

2009ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಬ್ರಿಟನ್ನಿನ 40 ಅಡ್ಡಹೆಸರುಗಳ 1,678 ಗಂಡಸರನ್ನು ಪರೀಕ್ಷಿಸಿ ಇಂಥ ಆಕಸ್ಮಿಕದ ಪಾತ್ರವನ್ನೂ ತೂಗಿ ನೋಡಿದರು. ಸ್ಮಿತ್ ಎಂಬ ಹೆಸರು ಊರಿಗೊಬ್ಬ ಕಮ್ಮಾರನಿಂದ ಹುಟ್ಟಿದ್ದು. ಇಬ್ಬರು ಸ್ಮಿತ್‌ಗಳ ವೈ ಕ್ರೋಮೋಸೋಮ್ ಹೋಲಿಕೆ, ದಾರಿಹೋಕರಿಬ್ಬರ ಹೋಲಿಕೆಗಿಂತ ಹೆಚ್ಚೇನಿಲ್ಲ. ವಿರಳವಾದ ಆಟನ್‌ಬರೋ ಹೆಸರಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಒಂದೇ ಬಗೆಯವರು. ಹೆಸರು ವಿರಳವಾದಷ್ಟೂ ರಕ್ತಸಂಬಂಧದ ಸಾಧ್ಯತೆ ಹೆಚ್ಚು.

ಇಂಥ ಪರೀಕ್ಷೆ ಮಾಡಿಸುವವರು ಎಡವುವುದು ಹೆಚ್ಚಾಗಿ ತಾಣಗಳ ಸಂಖ್ಯೆಯಲ್ಲಿ. ಒಂದು ತಾಣದ ಎಣಿಕೆ ತಂದೆಯಿಂದ ಮಗನಿಗೆ ಹೋಗುವಾಗ ಬದಲಾಗುವುದು ಸರಾಸರಿ 500ಕ್ಕೆ ಒಂದು ಸಲ. 23 ತಲೆಮಾರಿನ ಹಿಂದೆ ಒಬ್ಬನೇ ಪೂರ್ವಜನಿದ್ದ ಇಬ್ಬರ ನಡುವೆ 46 ದಾಟುಗಳಿರುತ್ತವೆ. ನಾಲ್ಕು ತಾಣಗಳಾದರೆ ನಿರೀಕ್ಷಿತ ಬದಲಾವಣೆ 0.37, ಅಂದರೆ ಹೆಚ್ಚಿನ ಸಲ ಏನೂ ಬದಲಾಗದು. ಆದರೆ ಸಂಬಂಧವಿಲ್ಲದವರೂ ನಾಲ್ಕರಲ್ಲಿ ಹೊಂದಿಬಿಡಬಹುದು. 37 ತಾಣ ನೋಡಿದರೆ ಸರಾಸರಿ ಮೂರು-ನಾಲ್ಕು ವ್ಯತ್ಯಾಸ ಬರುವುದೇ ಸಹಜ, ಬೇಗ ಬದಲಾಗುವ ತಾಣಗಳಿದ್ದರೆ ಇನ್ನೂ ಹೆಚ್ಚು. ಮೂರು ಎಣಿಕೆ ತಪ್ಪಿತೆಂದು ಸಂಬಂಧವಿಲ್ಲ ಎನ್ನುವುದು ಎಷ್ಟು ತಪ್ಪೋ, ಸಾವಿರಾರು ವರ್ಷ ಹಿಂದಿನ ಪೂರ್ವಜನೊಬ್ಬನಿಂದ ಕವಲೊಡೆದ ದೊಡ್ಡ ಗುಂಪು (ಹ್ಯಾಪ್ಲೋಗುಂಪು) ಮಾತ್ರ ಹೊಂದಿದ್ದಕ್ಕೆ ದಾಯಾದಿಗಳೆಂದು ತಿಳಿಯುವುದೂ ಅಷ್ಟೇ ತಪ್ಪು.

ಹೆಸರು ಒಂದೇ ಎಂಬ ಕಾರಣಕ್ಕೆ ಸಿಕ್ಕವರ ಎಂಜಲನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದರೂ ಕೆಲಸ ಕೆಡುತ್ತದೆ. ಒಂದೇ ಅಜ್ಜನ ಮೊಮ್ಮಕ್ಕಳು ಮೂವರು ಸೇರಿಕೊಂಡರೆ ಒಂದೇ ಸಾಕ್ಷ್ಯವನ್ನು ಮೂರು ಸಲ ಎಣಿಸಿದಂತಾಗುತ್ತದೆ. ಮೊದಲು ಕಾಗದದಲ್ಲಿ ವಂಶ ಹಿಡಿಯಬೇಕು: ಇಂದಿನಿಂದ ಹಿಂದಕ್ಕೆ, ಸರ್ಕಾರಿ ಜನನ-ಮರಣ ನೋಂದಣಿ ಶುರುವಾದ 1837ರ ಜುಲೈವರೆಗೆ ಆ ನೋಂದಣಿ, ಅದಕ್ಕೂ ಹಿಂದೆ 1538ರಿಂದ ಆರಂಭವಾದ ಚರ್ಚಿನ ದಾಖಲಾತಿ ಪುಸ್ತಕಗಳು. 1881ರ ಜನಗಣತಿಯಲ್ಲಿ ಹೆಸರು ಎಲ್ಲಿ ದಟ್ಟವಾಗಿತ್ತು ಎಂದು ನಕ್ಷೆ ಹಾಕಿ, ಆ ನಡುಭಾಗದ ಬೇರೆ ಬೇರೆ ಶಾಖೆಗಳಿಂದ ಒಬ್ಬೊಬ್ಬರನ್ನು ಆರಿಸಬೇಕು. ಹೋಲಿಕೆಗೆ ಅದೇ ಸೀಮೆಯ ಬೇರೆ ಅಡ್ಡಹೆಸರಿನವರೂ ಇರಲೇಬೇಕು. ಅವರಿಲ್ಲದಿದ್ದರೆ ಸಿಕ್ಕ ಗುರುತು ಮನೆತನದ್ದೋ, ಇಡೀ ಕಣಿವೆಯದ್ದೋ ಎಂದು ಹೇಳಲು ದಾರಿಯಿಲ್ಲ.