ಹೊಗೆಯ ಹೊಣೆ ಯಾರ ತಲೆಗೆ?

ಹವಾಮಾನ ಕೆಡಲು ನಮ್ಮಂಥ ಜನ ಕಾರಣವೋ, ದೊಡ್ಡ ಕಂಪನಿಗಳೋ? ಈ ವಾದ ತಾನಾಗೇ ಹುಟ್ಟಿದ್ದಲ್ಲ. ಅದರ ಬೇರು ಅಮೆರಿಕದ ಖಾಲಿ ಬಾಟಲಿಗಳವರೆಗೆ ಹೋಗುತ್ತದೆ.

1953ರಲ್ಲಿ ವರ್ಮಾಂಟ್ ರಾಜ್ಯವು ಒಮ್ಮೆ ಬಳಸಿ ಬಿಸಾಡುವ ಬಾಟಲಿಗಳಲ್ಲಿ ಬಿಯರ್ ಮಾರಬಾರದು ಎಂದು ಕಾನೂನು ಮಾಡಿತು. ಅದೇ ವರ್ಷ ಬಾಟಲಿ, ಡಬ್ಬಿ ತಯಾರಿಸುವ ಕಂಪನಿಗಳು ಸೇರಿ ‘ಕೀಪ್ ಅಮೆರಿಕ ಬ್ಯೂಟಿಫುಲ್’ ಎಂಬ ಸಂಸ್ಥೆ ಕಟ್ಟಿದವು. 1971ರಲ್ಲಿ ಬಂದ ಅದರ ಟಿವಿ ಜಾಹೀರಾತು ಭಾರೀ ಹೆಸರು ಮಾಡಿತು. ಮೂಲನಿವಾಸಿಯ ವೇಷದ ನಟನೊಬ್ಬ ದೋಣಿಯಿಂದ ದಡಕ್ಕೆ ಇಳಿಯುತ್ತಾನೆ. ಹೋಗುತ್ತಿರುವ ಕಾರಿನಿಂದ ಯಾರೋ ಎಸೆದ ಕಸದ ಪೊಟ್ಟಣ ಅವನ ಕಾಲ ಬಳಿ ಬಿದ್ದು ಚೆಲ್ಲಾಪಿಲ್ಲಿಯಾಗುತ್ತದೆ. ಅವನ ಕೆನ್ನೆ ಮೇಲೆ ಒಂದು ಹನಿ ಕಣ್ಣೀರು. ಮಾಲಿನ್ಯ ಶುರು ಮಾಡೋದೂ ಜನ, ನಿಲ್ಲಿಸಬಲ್ಲವರೂ ಜನ ಅನ್ನೋದು ಅದರ ಸಂದೇಶ. ಆ ಬಾಟಲಿ ತಯಾರಿಸಿದವರ ಸುದ್ದಿಯೇ ಇಲ್ಲ!

2000ದ ದಶಕದಲ್ಲಿ ತೈಲ ಕಂಪನಿ ಬಿಪಿ ಇದೇ ದಾರಿ ಹಿಡಿಯಿತು. ನಿಮ್ಮ ಕಾರ್ಬನ್ ಹೆಜ್ಜೆಗುರುತು, ಅಂದರೆ ನಿಮ್ಮ ಬದುಕಿನಿಂದ ಗಾಳಿಗೆ ಸೇರುವ ಇಂಗಾಲ, ಎಷ್ಟು ಎಂದು ಜಾಹೀರಾತುಗಳಲ್ಲಿ ಕೇಳಿತು, ಲೆಕ್ಕ ಹಾಕಲು ಕ್ಯಾಲ್ಕುಲೇಟರನ್ನೂ ಕೊಟ್ಟಿತು. ಇತ್ತ ಇನ್ನೊಂದು ತೈಲ ಕಂಪನಿ ಎಕ್ಸಾನ್‌ನ ಆಡಳಿತಕ್ಕೆ ಅದರದ್ದೇ ವಿಜ್ಞಾನಿ 1977ರಷ್ಟು ಹಿಂದೆಯೇ ಭೂಮಿ ಬಿಸಿಯಾಗುವ ಅಪಾಯವನ್ನು ವಿವರಿಸಿದ್ದರು.

ಉತ್ಪಾದಕರ ಲೆಕ್ಕ ಹೊರಬಂದಿದ್ದು ತಡವಾಗಿ. 1751ರಿಂದ 2010ರವರೆಗಿನ ಕೈಗಾರಿಕಾ ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್‌ನಲ್ಲಿ ಸುಮಾರು ಶೇ. 63ರಷ್ಟಕ್ಕೆ 90 ಉತ್ಪಾದಕರ ಇಂಧನ, ಸಿಮೆಂಟೇ ಮೂಲ ಎಂದು 2013ರಲ್ಲಿ ಸಂಶೋಧಕ ರಿಚರ್ಡ್ ಹೀಡ್ ತೋರಿಸಿದರು. ಆ ಇಂಧನವನ್ನು ಉರಿಸಿದ್ದರಲ್ಲಿ ನಾವೂ ಇದ್ದೀವಿ, ಅಲ್ವಾ? ನಿಜ. ಆದರೆ 2020ರಲ್ಲಿ ಕೋವಿಡ್‌ನಿಂದ ಜಗತ್ತು ಮನೆಯೊಳಗೆ ಕೂತಾಗಲೂ ಇಂಧನದಿಂದ ಬರುವ ಇಂಗಾಲ ಇಳಿದಿದ್ದು ಸುಮಾರು ಶೇ. 5ರಷ್ಟು ಮಾತ್ರ. ವಿದ್ಯುತ್ ಸ್ಥಾವರ, ಉಕ್ಕಿನ ಕುಲುಮೆ, ಸಿಮೆಂಟ್ ಗೂಡುಗಳು ಉರಿಯುತ್ತಲೇ ಇದ್ದವು. ಇವು ಯಾವುದರಿಂದ ನಡೆಯಬೇಕು ಎಂದು ಗ್ರಾಹಕರನ್ನು ಯಾರೂ ಕೇಳುವುದಿಲ್ಲ.

ಹಾಗಾದರೆ ಹೊಸ ತಂತ್ರಜ್ಞಾನ ಇದನ್ನು ಬದಲಿಸುತ್ತದೋ? ಹಸಿರು ಸ್ಟಾರ್ಟಪ್‌ಗಳ, ಅಂದರೆ ಶುದ್ಧ ಇಂಧನದ ಹೊಸ ಕಂಪನಿಗಳ, ಕಥೆಯನ್ನು ಇಲ್ಲಿಟ್ಟು ನೋಡಬೇಕು. 2006ರಿಂದ 2011ರ ನಡುವೆ ಹೂಡಿಕೆದಾರರು ಇವುಗಳಿಗೆ 2,500 ಕೋಟಿ ಡಾಲರ್‌ಗೂ ಜಾಸ್ತಿ ಸುರಿದರು, ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡರು. ಅಮೆರಿಕ ಸರ್ಕಾರ 53.5 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತಿದ್ದ ಸೌರಫಲಕ ಕಂಪನಿ ಸೋಲಿಂಡ್ರಾ 2011ರಲ್ಲಿ ದಿವಾಳಿಯಾಯಿತು. ಅದೇ ದಶಕದಲ್ಲಿ ಸೌರಫಲಕ ಮಾತ್ರ ಅಗ್ಗವಾಗುತ್ತಲೇ ಹೋಯಿತು. ಸೌರ ವಿದ್ಯುತ್ತಿಗೆ ಇಪ್ಪತ್ತು ವರ್ಷ ನಿಗದಿತ ದರ ಕೊಡುವ ಕಾನೂನನ್ನು ಜರ್ಮನಿ 2000ದಲ್ಲಿ ತಂದಿತ್ತು. ಬೇಡಿಕೆ ಗಟ್ಟಿಯಾದ ಮೇಲೆ ಚೀನಾದ ಕಾರ್ಖಾನೆಗಳು ದೊಡ್ಡ ಪ್ರಮಾಣದಲ್ಲಿ ಫಲಕ ತಯಾರಿಸಿದವು. ಹೊಸ ಐಡಿಯಾಗಿಂತ ಖಾತ್ರಿ ಮಾರುಕಟ್ಟೆಯೇ ಇಲ್ಲಿ ಜಾಸ್ತಿ ಕೆಲಸ ಮಾಡಿತು ಅನ್ನೋದು ನನ್ನ ನಂಬಿಕೆ.

ಈಗಿನ ಅಲೆಯಲ್ಲಿ ಗಾಳಿಯಿಂದಲೇ ಇಂಗಾಲ ಹೀರುವ ಕಂಪನಿಗಳಿವೆ. ಸ್ವಿಟ್ಜರ್ಲೆಂಡಿನ ಕ್ಲೈಮ್‌ವರ್ಕ್ಸ್ 2021ರಲ್ಲಿ ಐಸ್‌ಲೆಂಡಿನಲ್ಲಿ ‘ಓರ್ಕಾ’ ಘಟಕ ತೆರೆಯಿತು. ದೊಡ್ಡ ಫ್ಯಾನುಗಳು ಗಾಳಿ ಎಳೆಯುತ್ತವೆ, ಫಿಲ್ಟರ್ ಇಂಗಾಲವನ್ನು ಹಿಡಿಯುತ್ತದೆ. ಕಾಯಿಸಿದಾಗ ಬಿಡುಗಡೆಯಾದ ಅನಿಲವನ್ನು ನೀರಲ್ಲಿ ಬೆರೆಸಿ ನೆಲದಾಳಕ್ಕೆ ಇಳಿಸುತ್ತಾರೆ, ಅಲ್ಲಿ ಅದು ಕಲ್ಲಾಗುತ್ತದೆ. ಅದ್ಭುತ ಕೆಲಸ. ಆದರೆ ಓರ್ಕಾದ ವಿನ್ಯಾಸ ಸಾಮರ್ಥ್ಯ ವರ್ಷಕ್ಕೆ 4,000 ಟನ್. ಜಗತ್ತು ಅಷ್ಟನ್ನು ನಾಲ್ಕು ಸೆಕೆಂಡಿನೊಳಗೆ ಉಗುಳುತ್ತದೆ.

2023ರಲ್ಲಿ ತೈಲ ಕಂಪನಿ ಆಕ್ಸಿಡೆಂಟಲ್ ಇಂಥದ್ದೇ ಒಂದು ಕಂಪನಿಯಾದ ಕಾರ್ಬನ್ ಎಂಜಿನಿಯರಿಂಗನ್ನು 110 ಕೋಟಿ ಡಾಲರಿಗೆ ಕೊಂಡಿತು. ಈ ಯಂತ್ರಗಳು ಹಳೆಯ ಹೊಗೆಯನ್ನು ತೆಗೆಯುತ್ತವೋ, ಇನ್ನಷ್ಟು ತೈಲ ತೆಗೆಯಲು ನೆಪವಾಗುತ್ತವೋ? ಅದನ್ನು ಕಂಪನಿಗಳಿಗೇ ಬಿಟ್ಟು ಸುಮ್ನೆ ಕೂರೋಕಾಗಲ್ಲ. ಹೀರಿದ ಟನ್ನನ್ನು ತೋರಿಸಿ ಹೊಸ ಬಾವಿ ತೋಡುವಂತಿಲ್ಲ ಎಂಬ ಕಾನೂನು ಬೇಕು. ಅದನ್ನು ತರುವಂತೆ ಸರ್ಕಾರಗಳ ಮೇಲೆ ಒತ್ತಡ ಹಾಕುವುದರಲ್ಲೇ ಒಬ್ಬೊಬ್ಬರ ಹೊಣೆ ಹೆಚ್ಚಾಗಿರುವುದು.