ಬೀಚಿಗೆ ಹೊರಡೋ ಮುಂಚೆ ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ ನೋಡ್ಕೊಳ್ಳಿ

ಹುತ್ತರಿ ಹಬ್ಬ ಮುಗೀತು ಅಂದ್ರೆ ನಮ್ಮ ಕೊಡಗಲ್ಲಿ ಒಂದು ಕಡೆ ಕಾಫಿ ಕುಯ್ಯೋ ಗಡಿಬಿಡಿ, ಇನ್ನೊಂದು ಕಡೆ ಒಂದು ಭಾನುವಾರ ಬಿಡುವು ಸಿಕ್ಕಿದ್ರೂ ಸಾಕು, ಘಟ್ಟ ಇಳಿದು ಸಮುದ್ರ ನೋಡ್ಕೊಂಡು ಬರೋಣ ಅನ್ನೋ ಆಸೆ. ವಿರಾಜಪೇಟೆ, ಗೋಣಿಕೊಪ್ಪ ಕಡೆಯವರು ಮಾಕುಟ್ಟ ಇಳಿದು ಕಣ್ಣೂರಿಗೆ ಹೋಗ್ತಾರೆ, ಮಡಿಕೇರಿ ಕಡೆಯವರು ಸಂಪಾಜೆ ಇಳಿದು ಮಂಗಳೂರು, ಇನ್ನೂ ಉತ್ಸಾಹ ಇದ್ರೆ ಮಲ್ಪೆ ತನಕ. ವಾಪಸ್ ಬಂದ ಮೇಲೆ ಪ್ರಿಂಟ್ ಹಾಕಿಸೋಕೆ ಅಂತ ನಮ್ಮ ಸ್ಟುಡಿಯೋಗೆ ಬರ್ತಾರೆ, ಫೋನ್ ತೆಗೆದು ತೋರಿಸಿದ್ರೆ ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಫೋಟೋ. ನಡುವಲ್ಲಿ ಒಂದು ಗೆರೆ, ಗೆರೆ ಮೇಲೆ ಕೆಂಪು ಆಕಾಶ, ಕೆಳಗೆ ಕಪ್ಪು ನೀರು, ಮಧ್ಯ ಒಂದು ಸಣ್ಣ ಸೂರ್ಯ. "ಅಣ್ಣಾ, ಇದಕ್ಕೆ ಒಳ್ಳೆ ಕ್ಯಾಮೆರಾನೇ ಬೇಕಾ?" ಅಂತ ಕೇಳ್ತಾರೆ.

ಬೇಡ. ಈಗಿನ ಫೋನ್ ಧಾರಾಳ ಸಾಕು. ಇವರೆಲ್ಲ ಸೂರ್ಯ ಮುಳುಗೋ ಟೈಮ್ ನೋಡ್ಕೊಂಡು ಹೋಗಿರ್ತಾರೆ, ನೀರಿನ ಟೈಮ್ ಯಾರೂ ನೋಡಿರಲ್ಲ. ಸಮುದ್ರದ ಫೋಟೋ ಚೆನ್ನಾಗಿ ಬರತ್ತೋ ಇಲ್ವೋ ಅನ್ನೋದು ಮುಕ್ಕಾಲು ಪಾಲು ನಿಂತಿರೋದು ಉಬ್ಬರ ಇಳಿತದ ಮೇಲೆ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ನೀರು ದಿನಕ್ಕೆ ಎರಡು ಸಲ ಏರತ್ತೆ, ಎರಡು ಸಲ ಇಳಿಯತ್ತೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಹತ್ತಿರತ್ತಿರ 12 ಗಂಟೆ 25 ನಿಮಿಷ, ಹಾಗಾಗಿ ಇವತ್ತಿನ ಟೈಮಿಗಿಂತ ನಾಳೆ ಸುಮಾರು 50 ನಿಮಿಷ ತಡ. ಹುಣ್ಣಿಮೆ ಅಮಾವಾಸ್ಯೆಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರೋದ್ರಿಂದ ಸೆಳೆತ ಜಾಸ್ತಿ, ನೀರು ತುಂಬಾ ಮೇಲೂ ಬರತ್ತೆ, ತುಂಬಾ ಕೆಳಗೂ ಹೋಗತ್ತೆ. ಅಷ್ಟಮಿ ಹೊತ್ತಿಗೆ ಈ ಏರಿಳಿತ ಕಮ್ಮಿ. ಮಂಗಳೂರು ಕಡೆ ದೊಡ್ಡ ದಿನಗಳಲ್ಲೂ ವ್ಯತ್ಯಾಸ ಒಂದೂವರೆ ಮೀಟರ್ ಆಸುಪಾಸು ಅಷ್ಟೇ, ಆದ್ರೆ ಚಪ್ಪಟೆ ಬೀಚಲ್ಲಿ ಅಷ್ಟು ಇಳಿದ್ರೆ ನೀರು ಎಷ್ಟೋ ಹೆಜ್ಜೆ ಹಿಂದೆ ಸರಿದಿರತ್ತೆ, ಮಧ್ಯಾಹ್ನ ನೀವು ಕಾಲು ನೆನೆಸ್ಕೊಂಡ ಜಾಗ ಸಂಜೆಗೆ ಒದ್ದೆ ಮರಳಿನ ಬಯಲು.

ನಮ್ಮ ಕಡೆ ಸಮುದ್ರದಲ್ಲಿ ಹುಣ್ಣಿಮೆ, ಅಮಾವಾಸ್ಯೆ, ಅದರ ನಂತರದ ಒಂದೆರಡು ದಿನ ಸಾಮಾನ್ಯವಾಗಿ ನಡು ಮಧ್ಯಾಹ್ನಕ್ಕೆ ಉಬ್ಬರ ಬಂದು ಸೂರ್ಯ ಮುಳುಗೋ ಹೊತ್ತಿಗೆ ಇಳಿತ ಇರತ್ತೆ. ಹುತ್ತರಿ ಹೆಚ್ಚಾಗಿ ಹುಣ್ಣಿಮೆ ಹೊತ್ತಿಗೇ ಬರೋದಲ್ವಾ, ಅಂದ್ರೆ ಹಬ್ಬ ಮುಗಿಸಿ ಮಾರನೇ ದಿನ ಹೊರಟ್ರೆ ಸಮುದ್ರ ನಿಮಗೆ ಅಂತಲೇ ಜಾಗ ಬಿಟ್ಟುಕೊಟ್ಟ ಹಾಗೆ ಇರತ್ತೆ. ಅಷ್ಟಮಿ ನೋಡ್ಕೊಂಡು ಹೋದ್ರೆ ಉಲ್ಟಾ, ಸಂಜೆಗೆ ನೀರು ಏರ್ತಾ ಇರತ್ತೆ. ಗೋಡೆ ಮೇಲಿರೋ ಕ್ಯಾಲೆಂಡರ್ ಇಷ್ಟು ಹೇಳತ್ತೆ. ಕರಾರುವಾಕ್ಕಾಗಿ ಬೇಕು ಅಂದ್ರೆ ಸರ್ವೇ ಆಫ್ ಇಂಡಿಯಾ ಪ್ರತಿ ವರ್ಷ ಬಂದರುಗಳ ಟೈಡ್ ಟೇಬಲ್ ಕೊಡತ್ತೆ, ಫೋನಲ್ಲಿ ಟೈಡ್ ಆ್ಯಪ್‌ಗಳೂ ಇವೆ. ಟೈಮ್ ಜೊತೆಗೆ ಮೀಟರ್ ಲೆಕ್ಕನೂ ನೋಡಿ, ಯಾಕಂದ್ರೆ ದಿನದ ಎರಡು ಇಳಿತದಲ್ಲೂ ನೀರು ಒಂದೇ ಮಟ್ಟಕ್ಕೆ ಇಳಿಯಲ್ಲ, ಒಂದು ಸಲ ಜಾಸ್ತಿ ಇಳಿದ್ರೆ ಇನ್ನೊಂದು ಸಲ ಕಮ್ಮಿ.

ಇಳಿತ ಯಾಕೆ ಅಷ್ಟು ಮುಖ್ಯ ಅಂದ್ರೆ, ನಾವು ಬೆಟ್ಟದವರು. ಮಾಂದಲಪಟ್ಟಿಲಿ ನಿಂತ್ರೆ ಒಂದರ ಹಿಂದೆ ಒಂದು ಬೆಟ್ಟ, ಮಧ್ಯೆ ಮಧ್ಯೆ ಮಂಜು, ಫೋಟೋಗೆ ಆಳ ತನ್ನಷ್ಟಕ್ಕೇ ಬರತ್ತೆ, ನಮ್ಮ ಕಣ್ಣಿಗೆ ಅದೇ ಅಭ್ಯಾಸ. ಸಮುದ್ರದಲ್ಲಿ ಆ ಸಾಲು ಇಲ್ಲ, ಎದುರಿಗೆ ಬರೀ ಒಂದು ಗೆರೆ. ಆಳ ಬೇಕು ಅಂದ್ರೆ ನಿಮ್ಮ ಕಾಲಬುಡದಿಂದ ಶುರು ಮಾಡ್ಬೇಕು, ಕಾಲಬುಡದಲ್ಲಿ ಏನಾದ್ರೂ ಇರಬೇಕು ಅಂದ್ರೆ ನೀರು ಇಳಿದಿರಬೇಕು. ಇಳಿದ ಮೇಲೆ ಬಂಡೆ ಏಳತ್ತೆ, ಬಂಡೆ ಸಂದಿಲಿ ನಿಂತ ನೀರಲ್ಲಿ ಆಕಾಶ ಕಾಣತ್ತೆ, ಒದ್ದೆ ಮರಳಲ್ಲಿ ಅಲೆ ಬಿಟ್ಟುಹೋದ ಗೆರೆಗಳು ಕಾಣ್ತವೆ. ಕಣ್ಣೂರು ತಲಶ್ಶೇರಿ ಮಧ್ಯೆ ಇರೋ ಮುಳಪ್ಪಿಲಂಗಾಡ್ ಬೀಚಿಗೆ ನಮ್ಮವರು ಹೋಗೋದೇ ಮರಳ ಮೇಲೆ ಕಾರು ಓಡಿಸೋಕೆ, ಸುಮಾರು ನಾಲ್ಕು ಕಿಲೋಮೀಟರ್ ಗಟ್ಟಿ ಮರಳು ಅದು. ಇಳಿತದಲ್ಲಿ ಚಕ್ರದ ಗುರುತು ಇಲ್ಲದ ಕಡೆ ನಡ್ಕೊಂಡು ಹೋಗಿ ನೋಡಿ, ಇಡೀ ಆಕಾಶ ನೆಲದಲ್ಲೇ ಬಿದ್ದಿರತ್ತೆ. ಅಲ್ಲೇ ಹತ್ತಿರದ ಧರ್ಮಡಂ ದ್ವೀಪಕ್ಕೆ ಇಳಿತದಲ್ಲಿ ನಡೆದೇ ಹೋಗಬಹುದು, ಆದ್ರೆ ನೀರು ತಿರುಗೋ ಟೈಮ್ ಗೊತ್ತಿಲ್ಲದೆ, ಅಲ್ಲಿನ ಮೀನುಗಾರರನ್ನ ಕೇಳದೆ ಖಂಡಿತ ಹೋಗ್ಬೇಡಿ.

ಕೈಗೆಟಕೋ ದೂರದಲ್ಲಿ ಏನಿದೆ ಅಂತ ಒಂದೇ ಒಂದು ಉದಾಹರಣೆ ಕೊಡ್ತೀನಿ. ಇಳಿತದಲ್ಲಿ ಒದ್ದೆ ಮರಳ ಮೇಲೆ ಸಣ್ಣ ಸಣ್ಣ ಮರಳುಂಡೆಗಳು ಹರಡಿರೋದು ನೋಡಿರ್ತೀರಿ, ಕಣದಲ್ಲಿ ಒಣ ಹಾಕಿದ ಕರಿಮೆಣಸಿನ ಹಾಗೆ. ಅದು ಉಗುರಿನಷ್ಟು ಚಿಕ್ಕ ಏಡಿಗಳ ಕೆಲಸ. ನೀರು ಇಳಿದ ತಕ್ಷಣ ತೂತಿನಿಂದ ಹೊರಗೆ ಬಂದು ಮರಳನ್ನ ಬಾಯಿಗೆ ಹಾಕ್ಕೊಂಡು ಅದರಲ್ಲಿರೋ ತಿನ್ನೋ ಅಂಶ ಸೋಸ್ಕೊಂಡು ಉಳಿದ ಮರಳನ್ನ ಉಂಡೆ ಮಾಡಿ ಹಿಂದಕ್ಕೆ ತಳ್ತವೆ, ತಳ್ತಾ ತಳ್ತಾ ತೂತಿನ ಸುತ್ತ ಕಿರಣಗಳ ಹಾಗೆ ಡಿಸೈನ್ ಆಗತ್ತೆ. ಮುಂದಿನ ಉಬ್ಬರಕ್ಕೆ ಎಲ್ಲ ಅಳಿಸಿ ಹೋಗತ್ತೆ. ನಿಂತ್ಕೊಂಡು ಮೇಲಿಂದ ತೆಗೆದ್ರೆ ಬರೀ ಗಲೀಜು ಮರಳು. ಮಂಡಿಯೂರಿ ಕೂತು, ಫೋನ್ ತಲೆಕೆಳಗು ಮಾಡಿ ಲೆನ್ಸ್ ಮರಳಿಗೆ ಮೂರ್ನಾಲ್ಕು ಬೆರಳಷ್ಟು ಮೇಲೆ ಬರೋ ಹಾಗೆ ಹಿಡೀರಿ, ಸೂರ್ಯ ಕೆಳಗಿದ್ದು ಓರೆ ಬೆಳಕು ಬೀಳ್ತಿರಬೇಕು, ಆಗ ಒಂದೊಂದು ಉಂಡೆಗೂ ಒಂದೊಂದು ನೆರಳು, ಹಿಂದೆ ಮಸುಕಾಗಿ ಅಲೆಯ ನೊರೆ. ಐದು ನಿಮಿಷ ಅಲ್ಲಾಡದೆ ಕೂತ್ರೆ ಏಡಿನೂ ಹೊರಗೆ ಬರತ್ತೆ. ಆ ಒಂದು ಫೋಟೋ ಹತ್ತು ಸೂರ್ಯಾಸ್ತಕ್ಕೆ ಸಮ ಅಂತ ನನಗೆ ಅನ್ಸತ್ತೆ.

ಇನ್ನು ಎಕ್ಸ್‌ಪೋಶರ್, ಅಂದ್ರೆ ಫೋಟೋಗೆ ಎಷ್ಟು ಬೆಳಕು ಬೀಳಬೇಕು ಅನ್ನೋ ಲೆಕ್ಕ. ಇದರಲ್ಲಿ ಕೊಡಗಿನವರಿಗೆ ಅರ್ಧ ಪಾಠ ಆಗಲೇ ಆಗಿರತ್ತೆ. ಮಂಜಲ್ಲಿ ತೆಗೆದ ಫೋಟೋ ಕೊಳಕು ಬೂದು ಬಣ್ಣಕ್ಕೆ ಬರತ್ತಲ್ವಾ, ಯಾಕಂದ್ರೆ ಕ್ಯಾಮೆರಾ ಮೀಟರ್ ಕಣ್ಣೆದುರು ಏನೇ ಇದ್ರೂ ಅದನ್ನ ಮಧ್ಯಮ ಬೂದಿಗೆ ಎಳೆಯೋಕೆ ನೋಡತ್ತೆ, ಬಿಳಿ ಜಾಸ್ತಿ ಇದ್ರೆ ಕತ್ತಲೆ ಮಾಡತ್ತೆ. ಬಿಸಿಲಲ್ಲಿ ಹೊಳೆಯೋ ಮರಳು, ನೊರೆ ಇವಕ್ಕೂ ಇದೇ ಕತೆ, ಪ್ಲಸ್ ಮುಕ್ಕಾಲರಿಂದ ಒಂದು ಸ್ಟಾಪ್ ಏರಿಸಿ (ಒಂದು ಸ್ಟಾಪ್ ಏರಿಸಿದ್ರೆ ಬೆಳಕು ಎರಡರಷ್ಟು). ಸೂರ್ಯ ಫ್ರೇಮಲ್ಲಿ ಇದ್ದಾಗ ಮಾತ್ರ ಉಲ್ಟಾ, ಆಕಾಶದ ಬಣ್ಣ ಉಳೀಬೇಕು ಅಂದ್ರೆ ಒಂದು ಸ್ಟಾಪ್ ಇಳಿಸಿ. ಫೋನಲ್ಲಾದ್ರೆ ಸೂರ್ಯನ ಪಕ್ಕದ ಮೋಡದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ ಕೆಳಕ್ಕೆ ಎಳೆದ್ರೆ ಆಯ್ತು.

ಸೂರ್ಯ ಮುಳುಗಿದ ತಕ್ಷಣ ಎಲ್ಲರೂ ಕಾರ್ ಕಡೆ ಹೊರಡ್ತಾರೆ, ಇದು ನಂಗೆ ತುಂಬಾ ಬೇಜಾರಾಗೋ ವಿಷಯ. ರಾಜಾಸೀಟ್‌ನಲ್ಲಿ ಸೂರ್ಯ ಬೆಟ್ಟದ ಹಿಂದೆ ಹೋದ ಮೇಲೆ ಎದ್ದು ಬರೋ ಅಭ್ಯಾಸ ಇರಬೇಕು. ಸಮುದ್ರದಲ್ಲಿ ಮುಳುಗಿದ ಮೇಲೂ ಇಪ್ಪತ್ತು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿನೇ ಒಳ್ಳೆ ಬೆಳಕು ಇರತ್ತೆ, ಮೊದಲು ಗುಲಾಬಿ, ಆಮೇಲೆ ನೇರಳೆ, ಆಮೇಲೆ ಕಡುನೀಲಿ, ಒದ್ದೆ ಮರಳಲ್ಲಿ ಆ ಬಣ್ಣ ಎರಡರಷ್ಟು. ನಿಧಾನ ಶಟರ್‌ಗೆ, ಅಂದ್ರೆ ಕ್ಯಾಮೆರಾ ಹೆಚ್ಚು ಹೊತ್ತು ಬೆಳಕು ತಗೊಳ್ಳೋ ಹಾಗೆ ಬಿಡೋಕೆ, ಇದೇ ಸರಿಯಾದ ಹೊತ್ತು. ಅಲೆ ಬಂಡೆಗೆ ಬಡಿದು ಸಿಡಿಯೋದು ಬೇಕು ಅಂದ್ರೆ ಬೆಳಕಿರುವಾಗ್ಲೇ ಸೆಕೆಂಡಿನ ಸಾವಿರದಲ್ಲೊಂದು ಭಾಗ. ಅಲೆ ವಾಪಸ್ ಹೋಗುವಾಗ ನೊರೆ ಗೆರೆ ಗೆರೆಯಾಗಿ ಎಳೆದ ಹಾಗೆ ಬೇಕು ಅಂದ್ರೆ ಕಾಲು ಸೆಕೆಂಡಿಂದ ಒಂದು ಸೆಕೆಂಡ್, ಬಟನ್ ಒತ್ತಬೇಕಾಗಿರೋದು ಅಲೆ ಬರುವಾಗ ಅಲ್ಲ, ಹಿಂದಕ್ಕೆ ಸರಿಯೋಕೆ ಶುರುವಾದಾಗ. ಹದಿನೈದು ಮೂವತ್ತು ಸೆಕೆಂಡ್ ಬಿಟ್ರೆ ಸಮುದ್ರ ನಮ್ಮ ಮಂಜಿನ ತರ ಆಗತ್ತೆ, ಅದು ಚೆಂದ ಹೌದು, ಆದ್ರೆ ಎಲ್ಲ ಸಮುದ್ರನೂ ಒಂದೇ ತರ ಕಾಣೋಕೆ ಶುರುವಾಗತ್ತೆ, ಅದಕ್ಕೆ ನನಗೆ ಆ ಅರ್ಧ ಸೆಕೆಂಡೇ ಇಷ್ಟ, ಅದರಲ್ಲಿ ನೀರಿನ ಜೋರು ಉಳಿದಿರತ್ತೆ. ಬೆಳಕು ಜಾಸ್ತಿ ಇರುವಾಗ ನಿಧಾನ ಶಟರ್ ಬೇಕು ಅಂದ್ರೆ ಲೆನ್ಸ್ ಮುಂದೆ ಬೆಳಕು ತಗ್ಗಿಸೋ ಕಪ್ಪು ಗಾಜು, ಎನ್‌ಡಿ ಫಿಲ್ಟರ್ ಹಾಕ್ಬೇಕು, ಆರು ಸ್ಟಾಪಿನದು ಬೆಳಕನ್ನ 64ರಲ್ಲಿ ಒಂದು ಪಾಲು ಮಾಡತ್ತೆ, ಅಂದ್ರೆ ಅರವತ್ತರಲ್ಲೊಂದು ಸೆಕೆಂಡ್ ಇದ್ದಿದ್ದು ಹೆಚ್ಚುಕಮ್ಮಿ ಒಂದು ಸೆಕೆಂಡ್ ಆಗತ್ತೆ. ಟ್ರೈಪಾಡ್ ಕಾಲನ್ನ ಒದ್ದೆ ಮರಳಲ್ಲಿ ಒತ್ತಿ ಊರಿ, ಇಲ್ಲಾಂದ್ರೆ ಪ್ರತಿ ಅಲೆಗೂ ಕೆಳಗಿನ ಮರಳು ಜಾರಿ ಫೋಟೋ ಅಲುಗಾಡತ್ತೆ.

ಸೂರ್ಯ ವರ್ಷಪೂರ್ತಿ ಒಂದೇ ಜಾಗದಲ್ಲಿ ಮುಳುಗಲ್ಲ ಅನ್ನೋದೂ ನೆನಪಿರಲಿ. ಡಿಸೆಂಬರ್‌ನಲ್ಲಿ ನೈಋತ್ಯಕ್ಕೆ ವಾಲಿರ್ತಾನೆ, ಜೂನ್‌ನಲ್ಲಿ ವಾಯವ್ಯಕ್ಕೆ, ಎರಡರ ಮಧ್ಯೆ ಹತ್ತಿರತ್ತಿರ 48 ಡಿಗ್ರಿ ವ್ಯತ್ಯಾಸ. 1901ರಲ್ಲಿ ಕಟ್ಟಿದ ಕಾಪು ಲೈಟ್‌ಹೌಸ್ ಹಿಂದೆ ಸೂರ್ಯ ಬರಬೇಕು ಅಂದ್ರೆ ಚಳಿಗಾಲದಲ್ಲಿ ಬೀಚಿನ ಉತ್ತರ ಭಾಗಕ್ಕೆ ನಡೀಬೇಕು, ಏಪ್ರಿಲ್ ಮೇನಲ್ಲಿ ದಕ್ಷಿಣಕ್ಕೆ. ಮಲ್ಪೆಯಿಂದ ಬೋಟಲ್ಲಿ ಹೋಗೋ ಸೇಂಟ್ ಮೇರಿಸ್ ದ್ವೀಪದಲ್ಲಿ ಸೂರ್ಯಾಸ್ತದ ಆಸೆ ಇಟ್ಕೋಬೇಡಿ, ಬೋಟ್ ಓಡೋದು ಹಗಲು ಹೊತ್ತಲ್ಲಿ, ಮಳೆಗಾಲದಲ್ಲಿ ಬಂದ್. ಅಲ್ಲಿ ನೋಡಬೇಕಾಗಿರೋದು ಕಂಬ ಕಂಬವಾಗಿ ನಿಂತಿರೋ ಬಂಡೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗೋ ಕಾಲದಲ್ಲಿ ಹರಿದ ಲಾವಾ ಆರುತ್ತಾ ಕುಗ್ಗಿ ಬಿರುಕು ಬಿಟ್ಟು ಆ ಆಕಾರಕ್ಕೆ ಬಂದಿದ್ದು. ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ನೆರಳಿರೋ ಮುಖ ಹುಡುಕಿ, ಆರು ಮೂಲೆಯ ತುದಿಗಳನ್ನ ಹತ್ತಿರದಿಂದ ತೆಗೀರಿ, ಪೋಲರೈಸರ್ ಫಿಲ್ಟರ್ ಇದ್ರೆ ತಿರುಗಿಸಿ ಒದ್ದೆ ಕಲ್ಲಿನ ಝಗಝಗ ತೆಗೆದುಹಾಕಿ, ಕಲ್ಲಿನ ನಿಜವಾದ ಬಣ್ಣ ಆಗ ಕಾಣತ್ತೆ.

ಒಂದು ಆಸೆ ಹೇಳ್ಕೋತೀನಿ. ಕೊಡಗಿನ ನೀರೆಲ್ಲ ಕಾವೇರಿ ಸೇರಿ ಪೂರ್ವಕ್ಕೆ ಹೋಗತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ನಮ್ಮ ಬರಪೊಳೆ ಪಶ್ಚಿಮಕ್ಕೆ ಇಳಿದು ವಳಪಟ್ಟಣಂ ಹೊಳೆಗೆ ಸೇರಿ ಕಣ್ಣೂರಿನ ಹತ್ತಿರ ಸಮುದ್ರಕ್ಕೆ ಬೀಳತ್ತೆ. ಸಂಪಾಜೆ ಕಡೆಯ ಪಯಸ್ವಿನಿ ಕಾಸರಗೋಡಲ್ಲಿ ಚಂದ್ರಗಿರಿ ಅನ್ನೋ ಹೆಸರಲ್ಲಿ ಸಮುದ್ರ ಸೇರತ್ತೆ. ಒಂದು ಹೊಳೆ ಹಿಡ್ಕೊಂಡು ಮಳೆಕಾಡಿನ ತೊರೆಯಿಂದ ಸಮುದ್ರ ಸೇರೋ ಅಳಿವೆ ತನಕ ಫೋಟೋ ತೆಗೀರಿ, ಎರಡು ಮೂರು ಟ್ರಿಪ್ಪಲ್ಲಿ ಮುಗಿಯೋ ಕೆಲಸ, ಆರಾಮಾಗಿ ಮಾಡಬಹುದು. ಅಳಿವೆಲಿ ಹೊಳೆ ನೀರಿನ ಬಣ್ಣ, ಕಡಲ ನೀರಿನ ಬಣ್ಣ ಬೇರೆ ಬೇರೆ ಕಾಣೋ ಗೆರೆ ಇರತ್ತೆ, ಬೆಳ್ಳಕ್ಕಿ, ಗರುಡ ಅಲ್ಲೇ ಸುತ್ತಾಡ್ತಿರ್ತವೆ. ನಮ್ಮ ಊರಿನ ಮಳೆ ಎಲ್ಲಿಗೆ ಹೋಗತ್ತೆ ಅಂತ ಮಕ್ಕಳಿಗೆ ತೋರಿಸೋಕೆ ಇದಕ್ಕಿಂತ ಒಳ್ಳೆ ಆಲ್ಬಮ್ ಇಲ್ಲ.

ಜನರ ಫೋಟೋ ಬಗ್ಗೆ. ಬಂದರಿನ ಧಕ್ಕೆಯಲ್ಲಿ ಮೀನು ಇಳಿಸೋರು, ದಡದಲ್ಲಿ ಕೈರಂಪಣಿ ಬಲೆ ಎಳೆಯೋರು ಕೆಲಸದಲ್ಲಿ ಇರ್ತಾರೆ, ನಮ್ಮ ತೋಟದಲ್ಲಿ ಕಾಫಿ ಕುಯ್ಯೋರ ಮುಖಕ್ಕೆ ಯಾರೋ ಬಂದು ಕ್ಯಾಮೆರಾ ಹಿಡಿದ್ರೆ ನಮಗೆ ಹೆಂಗಾಗತ್ತೋ ಅವರಿಗೂ ಹಂಗೇ. ಮೊದಲು ಮಾತಾಡಿಸಿ, ಹೂಂ ಅಂದ ಮೇಲೆ ತೆಗೀರಿ, ಬಲೆ ದಾಟ್ಬೇಡಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಬೋಟುಗಳೆಲ್ಲ ದಡದಲ್ಲೇ ಸಾಲಾಗಿ ನಿಂತಿರ್ತವೆ, ಆಗಸ್ಟ್ ಶುರುವಲ್ಲಿ ಮತ್ತೆ ಹೊರಡೋ ದೃಶ್ಯ ನೋಡೋಕೆ ಎರಡು ಕಣ್ಣು ಸಾಲದು. ಚಳಿಗಾಲದ ರಾತ್ರಿ ಕಡಲಾಮೆ ಮೊಟ್ಟೆ ಇಡೋಕೆ ದಡಕ್ಕೆ ಬಂದಿದ್ದು ಕಂಡ್ರೆ ಫ್ಲ್ಯಾಶ್, ಟಾರ್ಚ್ ಯಾವುದೂ ಬೇಡ, ಬೆಳಕಿಗೆ ಅದು ಮೊಟ್ಟೆ ಇಡದೆ ವಾಪಸ್ ಹೋಗಿಬಿಡಬಹುದು. ಡ್ರೋನ್ ಇದ್ದವರು ಎಲ್ಲಿ ಹಾರಿಸಬಹುದು ಅಂತ ತೋರಿಸೋ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್ ನೋಡದೆ ಹಾರಿಸ್ಬೇಡಿ, ಕಾರವಾರದಲ್ಲಿ ನೌಕಾನೆಲೆ ಇದೆ, ಕಣ್ಣೂರಿನ ಆಚೆ ಏಳಿಮಲದಲ್ಲಿ ನೌಕಾ ಅಕಾಡೆಮಿ ಇದೆ.

ಮಳೆಗಾಲದ ಸಮುದ್ರ ಫೋಟೋಗೆ ಬಹಳ ಚೆಂದ, ಆದ್ರೆ ಅದನ್ನ ದೂರದಿಂದ, ಎತ್ತರದಿಂದ, ಜೂಮ್ ಲೆನ್ಸಲ್ಲಿ ತೆಗೀರಿ. ಬೇಕಲ ಕೋಟೆ ಗೋಡೆ ಮೇಲಿಂದ ತೆಗೆದ್ರೂ ಅಲೆಯ ಅಬ್ಬರ ಪೂರ್ತಿ ಸಿಗತ್ತೆ. ಹೊಳೆ ನೋಡಿ ಬೆಳೆದ ನಮಗೆ ನೀರಿನ ಭಯ ಗೊತ್ತು ಅನ್ಸತ್ತೆ, ಆದ್ರೆ ಕಡಲಿನ ಲೆಕ್ಕ ಬೇರೆ. ಗಾಳಿ ಇಲ್ಲ, ಮೋಡ ಇಲ್ಲ, ಆದ್ರೂ ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಅಲೆ ಇಲ್ಲಿಗೆ ಬಂದು ದಡಕ್ಕೆ ನುಗ್ಗತ್ತೆ, ಮಲಯಾಳದಲ್ಲಿ ಅದನ್ನ ಕಳ್ಳಕ್ಕಡಲ್ ಅಂತಾರೆ. ಹೈದರಾಬಾದಿನಲ್ಲಿರೋ ಸಮುದ್ರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಇದಕ್ಕೆ ಮುನ್ನೆಚ್ಚರಿಕೆ ಕೊಡತ್ತೆ, ಹೊರಡೋ ದಿನ ಅದನ್ನೂ ನೋಡಿ. ಹಸಿರು ಪಾಚಿ ಇರೋ ಬಂಡೆ ಮೇಲೆ ಕಾಲಿಡ್ಬೇಡಿ, ಸಮುದ್ರಕ್ಕೆ ಬೆನ್ನು ಹಾಕಿ ಸೆಲ್ಫಿ ಬೇಡವೇ ಬೇಡ.

ಕೊನೆಗೆ ಸಾಮಾನಿನ ಆರೈಕೆ, ಇದನ್ನ ನಮ್ಮೂರಿನವರಿಗೆ ಎರಡು ಸಲ ಹೇಳಬೇಕು. ಎಸಿ ಕಾರಿಂದ ಇಳಿದು ನೇರ ಬೀಚಲ್ಲಿ ಕ್ಯಾಮೆರಾ ತೆಗೆದ್ರೆ ಲೆನ್ಸ್ ಮೇಲೆ ಹಬೆ ಕೂರತ್ತೆ, ಒಂದು ಇಪ್ಪತ್ತು ನಿಮಿಷ ಬ್ಯಾಗಲ್ಲೇ ಇಟ್ಟು ಹೊರಗಿನ ಬಿಸಿಗೆ ಹೊಂದಿಸಿ ಆಮೇಲೆ ತೆಗೀರಿ. ಕಡಲ ಗಾಳಿಲಿ ಉಪ್ಪಿನ ತುಂತುರು ಇರತ್ತೆ, ಫೋನ್ ಲೆನ್ಸ್ ಆಗಾಗ ನೋಡ್ತಿರಿ, ಸಂಜೆ ಫೋಟೋ ಮಬ್ಬು ಮಬ್ಬಾಗಿ ಬರೋದಕ್ಕೆ ಬಹಳ ಸಲ ಅದೇ ಕಾರಣ. ಒಣ ಬಟ್ಟೆಲಿ ತಿಕ್ಕಬೇಡಿ, ಉಪ್ಪಿನ ಜೊತೆ ಮರಳಿನ ಕಣನೂ ಅಂಟಿದ್ರೆ ಗಾಜಿಗೆ ಗೀರು ಬೀಳತ್ತೆ, ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆಲಿ ಮೊದಲು ಒರೆಸಿ, ಆಮೇಲೆ ಒಣ ಬಟ್ಟೆ. ಟ್ರೈಪಾಡ್ ಕಾಲು ಪೂರ್ತಿ ಎಳೆದು ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಘಟ್ಟ ಹತ್ತಿ ಮನೆಗೆ ಬಂದ ಮೇಲೆ ಬ್ಯಾಗ್ ಹಾಗೇ ಮುಚ್ಚಿ ಬೀರುಲಿ ಇಟ್ರಿ ಅಂದ್ರೆ ಕರಾವಳಿಯ ತೇವದ ಜೊತೆ ನಮ್ಮ ಮಳೆಯ ತೇವನೂ ಸೇರಿ ಲೆನ್ಸ್ ಒಳಗೆ ಫಂಗಸ್ ಗ್ಯಾರಂಟಿ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶದ ಮೀಟರ್, ಮುಳ್ಳು ಶೇಕಡಾ 40ರಿಂದ 50ರ ಒಳಗೆ ಇರಬೇಕು. ಜೆಲ್ಲಿನ ಬಣ್ಣ ಬದಲಾದ್ರೆ ಸಣ್ಣ ಉರಿಲಿ ಬಿಸಿ ಮಾಡಿ ಪೂರ್ತಿ ಆರಿದ ಮೇಲೆ ವಾಪಸ್ ಹಾಕಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಇದನ್ನ ವಾರಕ್ಕೊಂದು ಸಲ ನೋಡ್ಲೇಬೇಕು.